ಟೋಲ್ ಟ್ಯಾಗ್ ಎಷ್ಟು ಕರೆಂಟ್ ತಿನ್ನುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಯಚೂರಿನಲ್ಲಿ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಲ್ಯಾಬ್ ಕಲಿಸುವವನು. ಮನೆಗೆ ಬಂದವರು, ಭತ್ತದ ಲಾರಿ ಓಡಿಸುವ ಸಂಬಂಧಿಕರು, ಹಿಟ್ನಾಳ ಟೋಲ್‌ನಲ್ಲಿ ಗೇಟ್ ಏಳದೆ ಸಿಟ್ಟಾಗಿ ಬಂದವರು, ಪ್ರಾಜೆಕ್ಟ್ ಹುಡುಗರು, ಎಲ್ಲರೂ ಒಂದೇ ಸುತ್ತಿನ ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಬಾಯಿ ನೋವಾಯಿತು. ಅದಕ್ಕೆ ಬರೆದಿಟ್ಟೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲು ಸುಲಭದವು, ಕೊನೆಗೆ ಸೋಲ್ಡರಿಂಗ್ ಐರನ್ ಹಿಡಿದವರಿಗೆ.

## ಗಾಡಿ ಓಡಿಸುವವರು ಕೇಳುವವು

“ಸರ್, ಇದಕ್ಕ ಸೆಲ್ ಎಲ್ಲಿ ಹಾಕ್ಯಾರ? ಕಾಣಂಗೇ ಇಲ್ಲಲ್ಲ?”

ಹಾಕಿದ್ದರೆ ತಾನೇ ಕಾಣುವುದು! ನಮ್ಮ ಫಾಸ್ಟ್ಯಾಗ್‌ನಲ್ಲಿ ಸೆಲ್ ಇಲ್ಲ. ಸ್ಟಿಕ್ಕರ್ ಒಳಗೆ ತೆಳುವಾದ ಲೋಹದ ಹಾಳೆಯಲ್ಲಿ ಕತ್ತರಿಸಿದ ಆಂಟೆನಾ ಇದೆ. ಅದರ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಚಿಪ್ ಇದೆ. ಅಷ್ಟೇ.

ಕರೆಂಟ್ ಬರುವುದು ಟೋಲ್ ಬೂತಿನ ಮೇಲಿನ ಆಂಟೆನಾದಿಂದ. ಅದು 865ರಿಂದ 868 ಮೆಗಾಹರ್ಟ್ಸ್ ನಡುವಿನ ರೇಡಿಯೋ ಅಲೆಗಳನ್ನು ಲೇನಿನ ಮೇಲೆ ಸುರಿಯುತ್ತಾ ಇರುತ್ತದೆ. ನಿಮ್ಮ ಗಾಡಿ ಆ ಅಲೆಯೊಳಗೆ ಬಂದ ಕೂಡಲೇ ಟ್ಯಾಗ್‌ನ ಆಂಟೆನಾ ಒಂದಿಷ್ಟನ್ನು ಹಿಡಿದುಕೊಳ್ಳುತ್ತದೆ. ಚಿಪ್ ಅದನ್ನು ಡಿಸಿ ಕರೆಂಟ್ ಮಾಡಿಕೊಂಡು ಎಚ್ಚರವಾಗುತ್ತದೆ, ತನ್ನ ನಂಬರ್ ಹೇಳುತ್ತದೆ, ಗಾಡಿ ಮುಂದೆ ಹೋದಂತೆ ಮತ್ತೆ ಸತ್ತಂತೆ ಬಿದ್ದುಕೊಳ್ಳುತ್ತದೆ.

ನಂಬರ್ ಹೇಳುವುದು ಅಂದೆನಲ್ಲ, ಅದು ಕೂಗುವುದಲ್ಲ. ಸಾಲೆಯಲ್ಲಿ ಕಿಟಕಿ ಪಕ್ಕ ಕೂತು ಕನ್ನಡಿ ಚೂರಿನಿಂದ ಮಾಸ್ತರರ ಬೋರ್ಡಿನ ಮೇಲೆ ಬಿಸಿಲು ಕುಣಿಸಿದ್ದು ನೆನಪಿದೆಯಾ? ಬೆಳಕು ಸೂರ್ಯನದು, ನಮ್ಮ ಕೆಲಸ ಕನ್ನಡಿ ಅಲ್ಲಾಡಿಸುವುದು ಮಾತ್ರ. ಟ್ಯಾಗ್ ಕೂಡ ಬೂತಿನ ಅಲೆಯನ್ನೇ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ವಾಪಸ್ ಕಳಿಸುತ್ತದೆ. ಸ್ವಂತ ಅಲೆ ಹುಟ್ಟಿಸುವ ಖರ್ಚೇ ಇಲ್ಲ. ಈ ಉಪಾಯವನ್ನು ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಒಂದು ಲೇಖನದಲ್ಲಿ ಬರೆದಿದ್ದರು.

“ಮತ್ತ ರೀಚಾರ್ಜ್ ಮಾಡ್ರಿ ಅಂತಾರಲ್ಲ, ಅದು ಯಾವ ಚಾರ್ಜ್?”

ದುಡ್ಡಿನದು. ಈ ಪದಕ್ಕೆ ನಮ್ಮ ಮಾವನವರೇ ಬಲಿಯಾದವರು. ಟ್ಯಾಗ್ ‘ಚಾರ್ಜ್’ ಆಗಲಿ ಅಂತ ಎರಡು ದಿನ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟಿದ್ದರು, ಸಂಡಿಗೆ ಜೊತೆ. ದುಡ್ಡು ಟ್ಯಾಗ್ ಒಳಗೂ ಇರುವುದಿಲ್ಲ, ಬ್ಯಾಂಕಿನ ಖಾತೆಯಲ್ಲಿ ಇರುತ್ತದೆ. ಟ್ಯಾಗ್‌ಗೆ ಗೊತ್ತಿರುವುದು ತನ್ನ ನಂಬರ್, ಗಾಡಿಯ ಬಗೆ, ಇಂಥ ಒಂದೆರಡು ವಿಷಯ. ಬ್ಲ್ಯಾಕ್‌ಲಿಸ್ಟ್ ಆದ ಟ್ಯಾಗ್ ಕೂಡ ರೇಡಿಯೋ ಮಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ.

“ಮನಿ ಮುಂದ ತಿಂಗಳಗಟ್ಲೆ ನಿಂತ್ರ ಗಾಡಿ ಬ್ಯಾಟ್ರಿ ಇಳೀತದೇನು, ಟ್ಯಾಗ್‌ನಿಂದ?”

ಇಲ್ಲ. ಗಾಡಿಗೂ ಅದಕ್ಕೂ ಇರುವ ಸಂಬಂಧ ಗೋಂದು ಮಾತ್ರ.

“ಸೆಲ್ಲೇ ಇಲ್ಲ ಅಂದಮ್ಯಾಲೆ ಕರೆಂಟ್ ಉಳಿಸೋ ಮಾತು ಯಾಕ್ರೀ?”

ಒಳ್ಳೆಯ ಪ್ರಶ್ನೆ. ಸೆಲ್ ಇಲ್ಲದ್ದಕ್ಕೇ ಉಳಿಸಬೇಕು. ಕೈಯಲ್ಲಿ ಗಂಟಿಲ್ಲದವನಿಗೆ ತಾನೇ ಲೆಕ್ಕ ಜಾಸ್ತಿ?

ನಮ್ಮ ಜಿಲ್ಲೆಯ ಶಕ್ತಿನಗರದ ಥರ್ಮಲ್ ಸ್ಟೇಷನ್ 1,720 ಮೆಗಾವಾಟ್‌ನದು. ಫಾಸ್ಟ್ಯಾಗ್‌ನ ಚಿಪ್ ಎಚ್ಚರವಾಗಲು ಬೇಕಾಗುವುದು ಸುಮಾರು 10 ಮೈಕ್ರೋವಾಟ್. ಅಂದರೆ ಒಂದು ವಾಟ್‌ನ ಒಂದು ಲಕ್ಷದಲ್ಲೊಂದು ಭಾಗ. ದೇವರ ಕೋಣೆಯ ಅರ್ಧ ವಾಟ್ ಬಲ್ಬಿನ ಕರೆಂಟ್‌ನಲ್ಲಿ 50,000 ಟ್ಯಾಗ್ ನಡೆಸಬಹುದು. ಆದರೂ ಅಷ್ಟು ಸಿಗುವುದೇ ಕಷ್ಟ. ನಮ್ಮ ದೇಶದ ನಿಯಮದಂತೆ ಬೂತಿನ ಆಂಟೆನಾ 4 ವಾಟ್‌ಗಿಂತ ಜೋರಾಗಿ ಬಿಡುವಂತಿಲ್ಲ. 5 ಮೀಟರ್ ದೂರಕ್ಕೆ ಬರುವ ಹೊತ್ತಿಗೆ ಅದು ಎಷ್ಟು ಹರಡಿರುತ್ತದೆ ಎಂದರೆ, ಎಲ್ಲ ಸರಿ ಇದ್ದರೂ ಟ್ಯಾಗ್‌ನ ಕೈಗೆ ಸಿಗುವುದು 100 ಮೈಕ್ರೋವಾಟ್ ಆಸುಪಾಸು. 10 ಮೀಟರ್‌ಗೆ ಅದರ ಕಾಲು ಭಾಗ, 25.

ಹಾಗಾಗಿ ಚಿಪ್ ಕಡಿಮೆ ಕರೆಂಟ್‌ನಲ್ಲಿ ಏಳುವುದನ್ನು ಕಲಿತರೆ ದೂರ ಜಾಸ್ತಿಯಾಗುತ್ತದೆ. ಬೇಕಾದ ಕರೆಂಟ್ ಅರ್ಧಕ್ಕೆ ಇಳಿದರೆ ದೂರ 1.4 ಪಟ್ಟು. ಕಾಲು ಭಾಗಕ್ಕೆ ಇಳಿದರೆ ಎರಡು ಪಟ್ಟು. ಹಳೆಯ ಚಿಪ್‌ಗಳು 16 ಮೈಕ್ರೋವಾಟ್ ಕೇಳುತ್ತಿದ್ದವು, ಈಗಿನ ಒಳ್ಳೆಯವು 4–5ರಲ್ಲಿ ಏಳುತ್ತವೆ. ಸೆಲ್ ಇರುವ ಟ್ಯಾಗ್‌ನಲ್ಲಿ ಉಳಿತಾಯ ಮಾಡಿದರೆ ವರ್ಷ ಸಿಗುತ್ತದೆ, ಸೆಲ್ ಇಲ್ಲದ್ದರಲ್ಲಿ ಮೀಟರ್ ಸಿಗುತ್ತದೆ.

“ಕೈಯಾಗ ಹಿಡಿದು ತೋರಿಸಿದ್ರ ಒಮ್ಮೊಮ್ಮೆ ಓದ್ತದ, ಒಮ್ಮೊಮ್ಮೆ ಇಲ್ಲ. ಯಾಕ?”

ಆಂಟೆನಾವನ್ನು ಗಾಜಿಗೆ ಅಂಟಿದಾಗ ಸರಿಯಾಗಿ ಕೆಲಸ ಮಾಡುವ ಹಾಗೆ ಕತ್ತರಿಸಿರುತ್ತಾರೆ. ಕೈ ಎಂದರೆ ನೀರು, ಉಪ್ಪು. ಅಲೆಯನ್ನು ಹೀರುತ್ತದೆ, ಆಂಟೆನಾದ ಶ್ರುತಿಯನ್ನೂ ಕೆಡಿಸುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಮಲಗಿಸಿ ಇಟ್ಟರೆ ಕೆಳಗಿನ ಲೋಹ ಅಡ್ಡ ಬರುತ್ತದೆ, ಮುಖವೂ ತಪ್ಪುತ್ತದೆ. ಸಿಗುವುದೇ 100 ಮೈಕ್ರೋವಾಟ್. ಅದರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಪಾಲು ಕೈಯೇ ತಿಂದರೆ ಚಿಪ್ ಏಳುವುದು ಹೇಗೆ? ಹೀಗೆ ಸಡಿಲ ಇಟ್ಟುಕೊಂಡ ಟ್ಯಾಗ್‌ಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡುವುದಾಗಿ ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಹೇಳಿದೆ.

ಗಾಜಿನ ಒಳಗೆ, ನಡು ಮೇಲ್ಭಾಗದಲ್ಲಿ, ಕನ್ನಡಿಯ ಹಿಂದೆ ಅಂಟಿಸಿ. ಬಿಸಿಲು ತಡೆಯಲು ಲೋಹದ ಲೇಪ ಕೊಟ್ಟ ಗಾಜಿದ್ದರೆ ಕನ್ನಡಿಯ ಹತ್ತಿರ ಲೇಪ ಬಿಟ್ಟ ಜಾಗ ಇದೆಯಾ ನೋಡಿ. ಕಿತ್ತು ಇನ್ನೊಂದು ಗಾಡಿಗೆ ಹಚ್ಚುವ ಯೋಚನೆ ಬೇಡ, ಆಂಟೆನಾ ಹರಿಯುತ್ತದೆ.

“ಸಂಡೂರು ಕಡೆ ಅದಿರು ಹೊಡೀತೀವಿ. ಗಾಜೆಲ್ಲ ಕೆಂಪು. ಕಬ್ಬಿಣದ ಧೂಳು ಸಿಗ್ನಲ್ ತಡೀತದ, ಅಲ್ವಾ?”

ತೆಳುವಾದ ಒಣ ಧೂಳು ಈ ಅಲೆಗೆ ಲೆಕ್ಕಕ್ಕಿಲ್ಲ. ಕಬ್ಬಿಣದ ತಗಡು ಬೇರೆ, ಅದಿರಿನ ಪುಡಿ ಬೇರೆ. ಹಸಿ ಕೆಸರು ದಪ್ಪಗೆ ಮೆತ್ತಿದರೆ ಸ್ವಲ್ಪ ತೊಂದರೆ. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗೆ ಮಾತ್ರ ಧೂಳು ದೊಡ್ಡ ಶತ್ರು.

## ಸೆಲ್ ಇರುವ ಟ್ಯಾಗ್‌ಗಳ ಬಗ್ಗೆ

“ಅಮೆರಿಕಾದಾಗ ನಮ್ಮ ಅಣ್ಣನ ಕಾರಿನ ಟ್ಯಾಗ್ ಬೆಂಕಿಪೊಟ್ಟಣದಂಗ ಐತಿ. ಅದಕ್ಯಾಕ ಸೆಲ್?”

ಆ ವ್ಯವಸ್ಥೆಗಳು ಶುರುವಾದ ಕಾಲಕ್ಕೆ 10 ಮೈಕ್ರೋವಾಟ್‌ನಲ್ಲಿ ಏಳುವ ಚಿಪ್ ಇರಲಿಲ್ಲ. ಅಮೆರಿಕದ ಒಕ್ಲಹೋಮಾದಲ್ಲಿ ಪೈಕ್‌ಪಾಸ್ ಬಂದದ್ದು 1991ರಲ್ಲಿ, ನ್ಯೂಯಾರ್ಕ್ ಕಡೆ ಈಜಿಪಾಸ್ ಬಂದದ್ದು 1993ರಲ್ಲಿ. ಆಗ ಹಾಕಿದ ಸೆಲ್ ಪದ್ಧತಿ ಮುಂದುವರಿಯಿತು, ಈಗ ಅಲ್ಲೂ ಸೆಲ್ ಇಲ್ಲದ ಸ್ಟಿಕ್ಕರ್‌ಗಳು ಬಂದಿವೆ.

ಯುರೋಪಿನದು ಬೇರೆ ಕಥೆ. ಅಲ್ಲಿ 5.8 ಗಿಗಾಹರ್ಟ್ಸ್. ಅಲೆ ಚಿಕ್ಕದು, ಸುಮಾರು 5 ಸೆಂಟಿಮೀಟರ್, ಹಾಗಾಗಿ ಆಂಟೆನಾವೂ ಚಿಕ್ಕದು. ಬೂತ್ ಅಷ್ಟೇ ಜೋರಾಗಿ ಬಿಟ್ಟರೂ ನಮ್ಮ ಟ್ಯಾಗ್ ಹಿಡಿಯುವುದರ ನಲವತ್ತರಲ್ಲಿ ಒಂದು ಭಾಗವೂ ಸಿಗುವುದಿಲ್ಲ. ಜೊತೆಗೆ ಅಲ್ಲಿನ ಟ್ಯಾಗ್ ಗುಪ್ತಲಿಪಿಯ ಲೆಕ್ಕ ಮಾಡುತ್ತದೆ, ಬೂತಿನ ಜೊತೆ ಮಾತು ಕೊಟ್ಟು ತೆಗೆದುಕೊಳ್ಳುತ್ತದೆ. ಸೆಲ್ ಬೇಕೇ ಬೇಕು. ಆದರೂ ಜಾಣತನ ನೋಡಿ, ಉತ್ತರ ಕೊಡುವಾಗ ಅದೂ ಕನ್ನಡಿ ಆಟವನ್ನೇ ಆಡುತ್ತದೆ. ಜಪಾನಿನ ಪೆಟ್ಟಿಗೆಯಾದರೋ ಸ್ವಂತ ಅಲೆ ಹುಟ್ಟಿಸುತ್ತದೆ, ಕರೆಂಟನ್ನು ಗಾಡಿಯ ಬ್ಯಾಟರಿಯಿಂದ ಎಳೆಯುತ್ತದೆ.

“ಒಂದು ಸೆಲ್ 10 ವರ್ಷ ಬರ್ತದ ಅಂದ್ರ ನಂಬೋದು ಹೆಂಗ? ನಮ್ಮ ರಿಮೋಟ್ ಸೆಲ್ ಒಂದು ವರ್ಷಕ್ಕ ಹೋಗ್ತದ.”

ಲೆಕ್ಕ ಮಾಡಿಯೇ ನಂಬಿ. ಅರ್ಧ ಪೆನ್‌ಸೆಲ್ ಗಾತ್ರದ 3.6 ವೋಲ್ಟ್ ಲಿಥಿಯಂ ಸೆಲ್‌ನಲ್ಲಿ ಸುಮಾರು 1,200 ಮಿಲಿಆಂಪ್-ಗಂಟೆ ಇರುತ್ತದೆ. 10 ವರ್ಷಕ್ಕೆ 87,600 ಗಂಟೆ. ಭಾಗಿಸಿದರೆ ಸರಾಸರಿ 13.7 ಮೈಕ್ರೋಆಂಪ್ (ಮೈಕ್ರೋಆಂಪ್ ಎಂದರೆ ಮಿಲಿಆಂಪ್‌ನ ಸಾವಿರದಲ್ಲೊಂದು ಭಾಗ). ಇಷ್ಟರಲ್ಲಿ ಸಂಸಾರ ನಡೆಸಬೇಕು.

ಈಗ ಖರ್ಚು. ಟೋಲ್ ದಾಟುವಾಗ 10 ಮಿಲಿಆಂಪ್‌ನಂತೆ ಸೆಕೆಂಡಿನ ಹತ್ತರಲ್ಲೊಂದು ಭಾಗ ಎಚ್ಚರ ಇರುತ್ತದೆ ಎಂದುಕೊಳ್ಳಿ. ದಿನಕ್ಕೆ 4 ಟೋಲ್, 10 ವರ್ಷ, ಒಟ್ಟು 14,600 ಸಲ. ಖರ್ಚು ಎಷ್ಟು ಗೊತ್ತಾ? ಬರೀ 4 ಮಿಲಿಆಂಪ್-ಗಂಟೆ. 1,200ರಲ್ಲಿ 4! ಇನ್ನು ನಿದ್ದೆಯಲ್ಲಿ 5 ಮೈಕ್ರೋಆಂಪ್ ತಿನ್ನುತ್ತದೆ ಎಂದರೆ ಅದೇ 10 ವರ್ಷಕ್ಕೆ 438. ಕೆಲಸಕ್ಕಿಂತ ನಿದ್ದೆಯ ಖರ್ಚು ನೂರು ಪಟ್ಟು.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಕಾಗಿಲ್ಲ. ಪೈರು ಕುಡಿದ ನೀರಿನ ಲೆಕ್ಕ ಸರಿಯಾಗಿಯೇ ಇರುತ್ತದೆ, ದಾರಿಯಲ್ಲಿ ಸೋರಿದ್ದರ ಲೆಕ್ಕ ಯಾರೂ ಇಡುವುದಿಲ್ಲ. ಟ್ಯಾಗ್‌ನಲ್ಲೂ ಹುಡುಗರು ರೇಡಿಯೋ ಕಳಿಸುವ ಖರ್ಚು ಇಳಿಸಲು ತಿಂಗಳು ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಹೇಳುವುದು ಒಂದೇ: ಮೊದಲು ನಿದ್ದೆಯ ಸೋರಿಕೆ ನೋಡಿ.

“ಮಲಗಿದ್ದರೆ ಟೋಲ್ ಬಂದದ್ದು ಅದಕ್ಕೆ ಹೇಗೆ ಗೊತ್ತಾಗುತ್ತೆ?”

ಎರಡು ದಾರಿ. ಒಂದು, ಗಡಿಯಾರ ಇಟ್ಟು ಆಗಾಗ ಕಣ್ಣು ಬಿಡುವುದು. ಗಾಡಿ 60 ಕಿಲೋಮೀಟರ್ ವೇಗದಲ್ಲಿ 5 ಮೀಟರ್ ಜಾಗವನ್ನು 0.3 ಸೆಕೆಂಡಿನಲ್ಲಿ ದಾಟುತ್ತದೆ. ಹಾಗಾಗಿ 50 ಮಿಲಿಸೆಕೆಂಡಿಗೊಮ್ಮೆ ನೋಡಲೇಬೇಕು. ರಿಸೀವರ್ 5 ಮಿಲಿಆಂಪ್ ಎಳೆಯುವುದಾದರೆ, ಪ್ರತಿ ಸಲ ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗ ನೋಡಿದರೂ ಸರಾಸರಿ 10 ಮೈಕ್ರೋಆಂಪ್ ಆಯಿತು. 13.7ರಲ್ಲಿ 10 ಬರೀ ಇಣುಕಿ ನೋಡುವುದಕ್ಕೇ ಹೋಯಿತು.

ಇನ್ನೊಂದು ದಾರಿ, ಬಾಗಿಲಿಗೆ ಕಾವಲುಗಾರನನ್ನು ಕೂರಿಸುವುದು. ಆಂಟೆನಾಗೆ ಒಂದು ಶಾಟ್ಕಿ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಅಲೆ ಬಂದರೆ ಡಯೋಡ್‌ನಲ್ಲಿ ತಾನಾಗಿಯೇ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಅದಕ್ಕೆ ಸೆಲ್ ಖರ್ಚಿಲ್ಲ. ಅದನ್ನು ಗಮನಿಸುವ ಕಂಪ್ಯಾರೇಟರ್‌ಗೆ ಒಂದು ಮೈಕ್ರೋಆಂಪ್ ಸಾಕು. ಅದು ಕೈ ಎತ್ತಿದ ಮೇಲೆ ಮಾತ್ರ ಪ್ರೊಸೆಸರ್ ಏಳುತ್ತದೆ. ಟೋಲ್ ಟ್ಯಾಗ್‌ಗೆ ಈ ದಾರಿಯೇ ಸರಿ. ಈ ಕಾವಲುಗಾರನಿಗೆ ಕಿವಿ ಸ್ವಲ್ಪ ಮಂದ. ಆದರೆ ಬೂತ್ ಹತ್ತು ಮೀಟರ್ ಒಳಗೇ ನಿಂತು ಕೂಗುತ್ತದೆ, ಮಂದ ಕಿವಿ ಸಾಕು. ದೂರದ ಲೇನಿನ ಕೂಗು ಕೇಳದಿರುವುದು ಲಾಭವೂ ಹೌದು.

“ವೈಫೈ, ಮೊಬೈಲ್ ಸಿಗ್ನಲ್ ಬಂದರೆ ಸುಮ್ನೆ ಸುಮ್ನೆ ಎದ್ದುಬಿಡಲ್ವಾ?”

ಏಳುತ್ತದೆ. ಇದೇ ದೊಡ್ಡ ತಲೆನೋವು. 5.8 ಗಿಗಾಹರ್ಟ್ಸ್ ಪಕ್ಕದಲ್ಲೇ ವೈಫೈ ಇದೆ. ಒಂದು ಸುಳ್ಳು ಎಚ್ಚರಕ್ಕೆ 1 ಮಿಲಿಆಂಪ್‌ನಂತೆ 5 ಮಿಲಿಸೆಕೆಂಡ್ ಹೋದರೆ, ಸೆಕೆಂಡಿಗೊಂದು ಸುಳ್ಳು ಎಂದರೂ ಸರಾಸರಿಗೆ 5 ಮೈಕ್ರೋಆಂಪ್ ಕೂಡಿತು. ಮನೆಯಲ್ಲಿ ರೌಟರ್ ಪಕ್ಕ ನಿಂತ ಕಾರಿಗೆ ಇದು ರಾತ್ರಿಯೆಲ್ಲ ನಡೆಯುತ್ತದೆ.

ಅದಕ್ಕೆ ಪರಿಹಾರ, ಬಾಗಿಲು ಬಡಿಯುವುದಕ್ಕೂ ಒಂದು ಗುರುತು ಇಟ್ಟುಕೊಳ್ಳುವುದು. ಚೀನಾದ ಟೋಲ್ ಪದ್ಧತಿಯಲ್ಲಿ ಬೂತ್ ಮೊದಲು 14 ಕಿಲೋಹರ್ಟ್ಸ್‌ನ ಚೌಕ ಅಲೆ ಕಳಿಸುತ್ತದೆ. ಕಾವಲುಗಾರ ಅಷ್ಟನ್ನೇ ಎಣಿಸುತ್ತಾನೆ. ತಾಳ ಸರಿ ಬಂದರೆ ಯಜಮಾನನನ್ನು ಎಬ್ಬಿಸುತ್ತಾನೆ, ಇಲ್ಲದಿದ್ದರೆ ತಾನೂ ತೂಕಡಿಸುತ್ತಾನೆ. ಆ ಎಣಿಕೆಗೆ ಪ್ರೊಸೆಸರ್ ಬೇಡ, ಒಂದೊಂದು ಬಿಟ್ ನೆನಪಿಡುವ ನಾಲ್ಕಾರು ಫ್ಲಿಪ್‌ಫ್ಲಾಪ್ ಸಾಕು.

“ಟೋಲ್ ಪಕ್ಕದ ಖಾನಾವಳಿಯಲ್ಲಿ ಊಟಕ್ಕೆ ನಿಂತರೆ?”

ಅಲ್ಲಿ ಸುಳ್ಳಲ್ಲ, ನಿಜವಾದ ಬೂತೇ ಕರೆಯುತ್ತಿರುತ್ತದೆ! ರೊಟ್ಟಿ ಊಟ ಮುಗಿಯುವುದರೊಳಗೆ ಸಾವಿರ ಸಲ ಎದ್ದಿರುತ್ತದೆ. ಅದಕ್ಕೆ ಯುರೋಪಿನ ಪದ್ಧತಿಯಲ್ಲಿ ಪ್ರತಿ ಬೂತಿಗೂ ಗುರುತಿನ ನಂಬರ್ ಇದೆ. ಒಮ್ಮೆ ವ್ಯವಹಾರ ಮುಗಿದ ಮೇಲೆ ಅದೇ ನಂಬರ್‌ನ ಕರೆಗೆ ಕೆಲವು ನಿಮಿಷ ಓಗೊಡುವುದಿಲ್ಲ. ಬೇರೆ ಬೂತ್ ಕರೆದರೆ ಮಾತ್ರ ಏಳುತ್ತದೆ. ಒಂದೇ ಟೋಲ್‌ಗೆ ಎರಡು ಸಲ ದುಡ್ಡು ಕತ್ತರಿಸುವುದೂ ಇದರಿಂದ ತಪ್ಪುತ್ತದೆ.

“ಗಾಡಿ ಓಡುವಾಗ ಮಾತ್ರ ಎಚ್ಚರ ಇರೋ ಹಾಗೆ ಮಾಡಿದ್ರೆ?”

ಮಾಡಬಹುದು. ಕಾರು ದಿನಕ್ಕೆ 22 ಗಂಟೆ ಸುಮ್ನೆ ನಿಂತಿರುತ್ತದೆ. ಆದರೆ ಅಲುಗಾಟ ನೋಡುವ ಅಕ್ಸೆಲೆರೋಮೀಟರ್ ತಾನೇ ಒಂದೆರಡು ಮೈಕ್ರೋಆಂಪ್ ತಿನ್ನುತ್ತದೆ. ಕಾವಲುಗಾರನೂ ಅಷ್ಟೇ ತಿನ್ನುವುದಾದರೆ ಉಳಿದದ್ದೇನು? ಸಣ್ಣ ಗುಂಡು ಅಲ್ಲಾಡಿ ಕಾಂಟ್ಯಾಕ್ಟ್ ಮುಟ್ಟಿಸುವ ಹಳೆ ಕಾಲದ ಕಂಪನ ಸ್ವಿಚ್ ಹಾಕಿದರೆ ಸೋರಿಕೆ ಸೊನ್ನೆ. ನನಗೆ ಅದೇ ಇಷ್ಟ. ಗುಂಡು ಕಾಂಟ್ಯಾಕ್ಟ್ ಮೇಲೆಯೇ ನಿಂತುಬಿಡುವ ಸಾಧ್ಯತೆ ಇರುತ್ತದೆ, ಅದನ್ನು ಮಾತ್ರ ಮರೆಯಬೇಡಿ. ಯಾಕೆ ಎಂದು ಮುಂದೆ ಹೇಳುತ್ತೇನೆ.

## ಬೆಂಚಿನ ಮುಂದೆ ಕೂತವರಿಗೆ

“ಸೆಲ್ ಇಲ್ಲದ ಚಿಪ್ ಒಳಗೆ ಕರೆಂಟ್ ಇಳಿಸೋದು ಹೇಗೆ, ಸರ್?”

ಲಾಜಿಕ್‌ನ ಖರ್ಚು ವೋಲ್ಟೇಜಿನ ವರ್ಗಕ್ಕೆ, ಕ್ಲಾಕಿನ ವೇಗಕ್ಕೆ ತಕ್ಕಂತೆ ಏರುತ್ತದೆ. 1 ವೋಲ್ಟ್‌ನಿಂದ 0.7ಕ್ಕೆ ಇಳಿಸಿದರೆ ಖರ್ಚು ಅರ್ಧ. ಕ್ಲಾಕ್ ಸುಮಾರು 2 ಮೆಗಾಹರ್ಟ್ಸ್ ಸಾಕು, ಕೆಲಸವಿಲ್ಲದ ಭಾಗಕ್ಕೆ ಕ್ಲಾಕ್ ಕಳಿಸದಿದ್ದರೆ ಇನ್ನೂ ಇಳಿಯುತ್ತದೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಬಾಗಿಲಲ್ಲೇ ಆಗುವ ನಷ್ಟ. ಎಸಿಯನ್ನು ಡಿಸಿ ಮಾಡುವಾಗ ಡಯೋಡ್ ತನ್ನ ಪಾಲು ಮುರಿದುಕೊಳ್ಳುತ್ತದೆ, ಹಿಡಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಗುವುದು ಮಾಮೂಲು.

ಬರೆಯುವುದು ಓದುವುದಕ್ಕಿಂತ ದುಬಾರಿ. ಮೆಮೊರಿಗೆ ಬರೆಯಲು ಹೆಚ್ಚು ವೋಲ್ಟೇಜ್ ಬೇಕು. ಅದಕ್ಕೇ ಬರೆಯುವ ದೂರ ಓದುವ ದೂರಕ್ಕಿಂತ ಕಡಿಮೆ. ಓಡುವ ಗಾಡಿಯ ಟ್ಯಾಗ್‌ನಲ್ಲಿ ಬ್ಯಾಲೆನ್ಸ್ ಬರೆಯದೆ ಬರೀ ನಂಬರ್ ಓದಿ ಉಳಿದದ್ದನ್ನು ಸರ್ವರ್‌ಗೆ ಬಿಟ್ಟದ್ದು ಈ ದೃಷ್ಟಿಯಿಂದಲೂ ಒಳ್ಳೆಯದಾಯಿತು.

ನನಗೆ ಬಹಳ ಹಿಡಿಸಿದ್ದು ಬೂತಿನ ಮಾತಿನ ರೀತಿ. 0 ಎಂದರೆ ಚಿಕ್ಕ ಅಲೆ, 1 ಎಂದರೆ ಉದ್ದ ಅಲೆ, ನಡುವೆ ಕೆಲವು ಮೈಕ್ರೋಸೆಕೆಂಡಿನ ವಿರಾಮ. ಏನೇ ಹೇಳುತ್ತಿದ್ದರೂ ಅಲೆ ಬಹುಪಾಲು ಹೊತ್ತು ಉರಿಯುತ್ತಲೇ ಇರುತ್ತದೆ. 0 ಎಂದರೆ ಅಲೆಯೇ ಇಲ್ಲ ಎಂದಿದ್ದರೆ, ಸಾಲಾಗಿ ಸೊನ್ನೆ ಬಂದಾಗ ಟ್ಯಾಗ್ ಮಾತು ಕೇಳುತ್ತಲೇ ಉಪವಾಸ ಬೀಳುತ್ತಿತ್ತು.

“ಕಾಯಿನ್ ಸೆಲ್ 2 ವರ್ಷ ಬರಬೇಕಿತ್ತು ಸರ್, ಒಂದೇ ತಿಂಗಳಿಗೆ ಸತ್ತಿತು. ಸೆಲ್ ಡುಪ್ಲಿಕೇಟಾ?”

ಪ್ರತಿ ವರ್ಷ ಒಂದು ಗುಂಪಾದರೂ ಅಂಗಡಿಯವನನ್ನು ಬೈದುಕೊಂಡು ಬರುತ್ತದೆ. ಒಮ್ಮೆ ನಾನೂ ಜೊತೆಗೂಡಿ ಬೈದಿದ್ದೆ. ಆಮೇಲೆ ನೋಡಿದರೆ, ಪಿನ್ನನ್ನು ಸೆಲ್‌ನ ವೋಲ್ಟೇಜಿಗೆ ಎತ್ತಿ ಹಿಡಿಯುವ 10 ಕಿಲೋಓಮ್‌ನ ಪುಲ್‌ಅಪ್ ರೆಸಿಸ್ಟರ್, ಅದರ ಕೆಳಗಿನ ಕಂಪನ ಸ್ವಿಚ್ ಮುಟ್ಟಿಕೊಂಡೇ ನಿಂತಿತ್ತು. 3 ವೋಲ್ಟ್, 10 ಕಿಲೋಓಮ್, ಅಂದರೆ 300 ಮೈಕ್ರೋಆಂಪ್. 2032 ಸೆಲ್‌ನ 225 ಮಿಲಿಆಂಪ್-ಗಂಟೆ ಅದಕ್ಕೆ 750 ಗಂಟೆ. ಸರಿಯಾಗಿ 31 ದಿನ! ಸೆಲ್ ಪಾಪ, ಪ್ರಾಮಾಣಿಕವಾಗಿಯೇ ದುಡಿದಿತ್ತು.

ಹಾಗಾಗಿ ರೆಸಿಸ್ಟರ್‌ಗಳಿಂದ ಶುರು ಮಾಡಿ. ಪುಲ್‌ಅಪ್ ಮೆಗಾಓಮ್‌ಗೆ ಏರಿಸಿ, ಅಥವಾ ಓದುವ ಕ್ಷಣಕ್ಕೆ ಮಾತ್ರ ಹಾಕಿ. ಸೆಲ್ ವೋಲ್ಟೇಜ್ ಅಳೆಯುವ ಡಿವೈಡರ್ ಸದಾ ಸೇರಿಕೊಂಡಿದೆಯಾ ನೋಡಿ. ಬಳಸದ ಪಿನ್‌ಗಳನ್ನು ತೇಲಲು ಬಿಡಬೇಡಿ. ರೆಗ್ಯುಲೇಟರ್ ಐಸಿ ಬೇಕೇ ಬೇಕಾ ಕೇಳಿಕೊಳ್ಳಿ, ಎಷ್ಟೋ ಸಲ ಅದು ಕೆಲಸವಿಲ್ಲದೆಯೂ ಪ್ರೊಸೆಸರ್‌ಗಿಂತ ಜಾಸ್ತಿ ತಿನ್ನುತ್ತದೆ. ಪವರ್ ತೋರಿಸುವ ಎಲ್‌ಇಡಿ ಹಾಕಿದವರಿಗೆ ಏನೂ ಹೇಳುವುದಿಲ್ಲ. 2 ಮಿಲಿಆಂಪ್ ಎಂದರೆ ಐದು ದಿನವೂ ಇಲ್ಲ.

“ಇಷ್ಟು ಸಣ್ಣ ಕರೆಂಟ್ ಮಲ್ಟಿಮೀಟರ್‌ನಲ್ಲಿ ಅಳೆಯೋಕೆ ಹೋದ್ರೆ ಟ್ಯಾಗ್ ರೀಸೆಟ್ ಆಗುತ್ತೆ.”

ಮೈಕ್ರೋಆಂಪ್ ರೇಂಜಿನಲ್ಲಿ ಮೀಟರ್ ಒಳಗೆ ದೊಡ್ಡ ರೆಸಿಸ್ಟರ್ ಇರುತ್ತದೆ. ನಿದ್ದೆಯ 5 ಮೈಕ್ರೋಆಂಪ್‌ಗೆ ತೊಂದರೆಯಿಲ್ಲ. ಎದ್ದ ಕೂಡಲೇ 10 ಮಿಲಿಆಂಪ್ ಎಳೆದರೆ ವೋಲ್ಟೇಜೆಲ್ಲ ಆ ರೆಸಿಸ್ಟರ್ ಮೇಲೆಯೇ ಬಿದ್ದು ಟ್ಯಾಗ್ ಸಾಯುತ್ತದೆ.

ದುಬಾರಿ ಉಪಕರಣ ಬೇಡ. 1,000 ಮೈಕ್ರೋಫ್ಯಾರಡ್ ಕೆಪಾಸಿಟರ್ ತೆಗೆದುಕೊಳ್ಳಿ. 3 ವೋಲ್ಟ್‌ಗೆ ತುಂಬಿಸಿ ಸೆಲ್ ಬದಲಿಗೆ ಜೋಡಿಸಿ. 2.9ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಎಂದು ನೋಡಿ. 20 ಸೆಕೆಂಡ್ ಆದರೆ 5 ಮೈಕ್ರೋಆಂಪ್. ಎರಡು ಎಚ್ಚರಿಕೆ: ಮೀಟರನ್ನು ಸದಾ ಸೇರಿಸಿ ಇಡಬೇಡಿ, ಅದೂ ಸ್ವಲ್ಪ ಕುಡಿಯುತ್ತದೆ. ಕೆಪಾಸಿಟರ್ ಒಂದನ್ನೇ ಮೊದಲು ಅಳೆಯಿರಿ, ಅದರ ಸ್ವಂತ ಸೋರಿಕೆ ಕಳೆಯಬೇಕು.

“ನಮ್ಮೂರ ಬಿಸಿಲಿಗೆ ಸೆಲ್ ತಡೀತದೇನ್ರಿ?”

ರಾಯಚೂರಿನ ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಗಾಜಿನ ಹತ್ತಿರ 70 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಮಾಮೂಲಿ ಕಾಯಿನ್ ಸೆಲ್‌ಗಳಿಗೆ 60 ಡಿಗ್ರಿಯೇ ಮಿತಿ. ಅದಕ್ಕೇ ಟ್ಯಾಗ್‌ಗೆ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಆರಿಸುತ್ತಾರೆ, ಅದು 85 ಡಿಗ್ರಿಗೂ ಜಗ್ಗುವುದಿಲ್ಲ. ತಂಪಿನಲ್ಲಿ ಇದ್ದರೆ ವರ್ಷಕ್ಕೆ ಶೇಕಡಾ 1ರಷ್ಟು ಮಾತ್ರ ತಾನಾಗಿ ಕರಗುತ್ತದೆ. ಬಿಸಿಯಲ್ಲಿ ಕರಗುವುದು ಜೋರಾಗುತ್ತದೆ, ನಮ್ಮ ಕಡೆಯ ಲೆಕ್ಕದಲ್ಲಿ ಅದಕ್ಕೂ ಒಂದು ಪಾಲು ಎತ್ತಿಡಿ.

ಈ ಸೆಲ್‌ಗೆ ಒಂದು ಗುಣವಿದೆ. ಬಹಳ ದಿನ ಸುಮ್ನೆ ಬಿಟ್ಟರೆ ಒಳಗೆ ಲಿಥಿಯಂ ಮೇಲೆ ತೆಳು ಪೊರೆ ಕಟ್ಟುತ್ತದೆ, ಹಾಲಿನ ಕೆನೆಯ ಹಾಗೆ. ಆ ಪೊರೆಯಿಂದಲೇ ಅದು ಅಷ್ಟು ವರ್ಷ ಬಾಳುವುದು. ಆದರೆ ತಟ್ಟನೆ 10 ಮಿಲಿಆಂಪ್ ಕೇಳಿದರೆ ವೋಲ್ಟೇಜ್ ಕುಸಿಯುತ್ತದೆ, ಪೊರೆ ಒಡೆದು ಸರಿಯಾಗಲು ಸ್ವಲ್ಪ ಹೊತ್ತು ಬೇಕು. ಗೇಟ್ ಮುಂದೆ ಅಷ್ಟು ಹೊತ್ತಿಲ್ಲ. ಸೆಲ್‌ಗೆ ಸಮಾನಾಂತರವಾಗಿ ಒಂದು ಕೆಪಾಸಿಟರ್ ಇಟ್ಟರೆ ಆ ಧಕ್ಕೆಯನ್ನು ಅದು ಹೊರುತ್ತದೆ. ಅಗ್ಗದ ಎಲೆಕ್ಟ್ರೊಲೈಟಿಕ್ ಹಾಕಿ ಮತ್ತೆ ಸೋರಿಕೆ ತಂದುಕೊಳ್ಳಬೇಡಿ.

“ಸ್ಯಾಟಲೈಟ್ ಟೋಲ್ ಬಂದರೆ ಇದೇ ಸೆಲ್‌ನಲ್ಲಿ ನಡೆಯುತ್ತಾ?”

ನಡೆಯುವುದಿಲ್ಲ. ಉಪಗ್ರಹದ ಸಿಗ್ನಲ್‌ನಿಂದ ಗಾಡಿ ಇರುವ ಜಾಗ ಹುಡುಕುವ ರಿಸೀವರ್ ಬಿಡದೆ ಓಡಿದರೆ 30 ಮಿಲಿಆಂಪ್ ಬೇಕು, 1,200ರ ಸೆಲ್ 40 ಗಂಟೆಗೆ ಖಾಲಿ. ಗಾಡಿಯಿಂದಲೇ ವೈರ್ ಎಳೆಯಬೇಕು.

“ಇಷ್ಟೆಲ್ಲಾ ಯಾಕೆ, ಸಣ್ಣ ಸೋಲಾರ್ ಹಚ್ಚಿದ್ರ ಮುಗೀತಲ್ಲ? ಬಿಸಿಲಿಗೇನು ಬರ ಐತಿ ಇಲ್ಲಿ?”

ಚೀನಾದಲ್ಲಿ ಹಚ್ಚಿದ್ದಾರೆ, ಗಾಜಿಗೆ ಅಂಟಿಸುವ ಪೆಟ್ಟಿಗೆಯ ಮುಖಕ್ಕೆ ಸಣ್ಣ ಸೋಲಾರ್ ಪಟ್ಟಿ ಇರುತ್ತದೆ. ನಮ್ಮ ಹುಡುಗರೂ ಒಮ್ಮೆ ಮಾಡಿದರು. ಹಗಲು ಚೆನ್ನಾಗಿ ತುಂಬಿತು, ಬೆಳಿಗ್ಗೆ ನೋಡಿದರೆ ಮತ್ತೆ ಇಳಿದಿತ್ತು. ಕತ್ತಲಲ್ಲಿ ಸೋಲಾರ್ ಪಟ್ಟಿ ತಾನೇ ಹೊರೆಯಾಗಿ ಸೆಲ್‌ನಿಂದ ಹಿಂದಕ್ಕೆ ಎಳೆಯುತ್ತದೆ. ನಡುವೆ ಸೋರಿಕೆ ಕಡಿಮೆಯ ಡಯೋಡ್ ಹಾಕಬೇಕು. ಅವರು ಕೈಗೆ ಸಿಕ್ಕ ಶಾಟ್ಕಿ ಹಾಕಿದರು. ಲ್ಯಾಬಿನಲ್ಲಿ ಸರಿ ಇತ್ತು. ಕಾರಿನಲ್ಲಿಟ್ಟಾಗ ಸಂಜೆ ಕತ್ತಲಾದರೂ ಗಾಜಿನ ಬಿಸಿ ಆರಿರಲಿಲ್ಲ, ಆ ಬಿಸಿಗೆ ಡಯೋಡೇ ಹಿಮ್ಮುಖವಾಗಿ ಸೋರತೊಡಗಿತು. ಸಾದಾ ಸಿಲಿಕಾನ್ ಡಯೋಡ್ ಹಾಕಿದ ಮೇಲೆ ನಿಂತಿತು, 0.6 ವೋಲ್ಟ್ ದಂಡ ಕಟ್ಟಿ.